ಬಾಯಿದ್ದವನು

ಕಛೇರಿಯಲ್ಲಿ ನನ್ನ ಜಾಗ ಎಲ್ಲರಿಗೂ ಗೊತ್ತು:
ಹಾಡುವವರ ಹಿಂದೆ, ಘಟದ ಪಕ್ಕ,
ಫೋಟೋ ತೆಗೆಯುವಾಗ ಕಂಬದ ಮರೆ.
ತನಿ ಆವರ್ತನದಲ್ಲಿ ಮೂರು ನಿಮಿಷ ಮೋರ್ಸಿಂಗ್,
ಆಮೇಲೆ ತೆಂಗಿನಕಾಯಿ, ಒಂದು ಕವರು, ಒಂದು ಶಾಲು.
ಕವರಿನಲ್ಲಿ ಎಷ್ಟಿದೆಯೆಂದು
ಹೊರಗಿನಿಂದ ಮುಟ್ಟಿದರೇ ನನ್ನ ಬೆರಳಿಗೆ ತಿಳಿಯುತ್ತದೆ.

ಶಾಲು ಮಾತ್ರ ಬೇಕಾದಷ್ಟು.
ಅಕ್ಕನ ಮಗಳು ಮೇದಿನಿ ಒಂದು ಭಾನುವಾರ ಬಂದು
ಮೂವತ್ತೊಂದು ಶಾಲುಗಳನ್ನು ಶ್ರೀನಗರದ ಈ ರೂಮಿನ
ನಾಲ್ಕೂ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು.
"ಪ್ರತಿಧ್ವನಿ ಹೋಯ್ತು ನೋಡು ಮಾಮ, ಈಗ ಮಾತಾಡು."
ಇಷ್ಟು ವರ್ಷದ ಸನ್ಮಾನ ಒಟ್ಟಾಗಿ ನಿಂತು
ಕೊನೆಗೂ ಒಂದು ಕೆಲಸ ಮಾಡಿತು:
ನನ್ನ ಸದ್ದನ್ನು ನನಗೇ ವಾಪಸು ಕೊಡದೆ ನುಂಗಿತು.

ರಾತ್ರಿ ಮೂರಕ್ಕೆ ರೆಕಾರ್ಡಿಂಗ್.
ಅದಕ್ಕೂ ಮುಂಚೆ ಬೈಕುಗಳು, ಆಮೇಲೆ ಹಾಲಿನ ವ್ಯಾನು,
ಆರೂವರೆಗೆ ಪಿಳ್ಳಮ್ಮನ ಸೊಪ್ಪು.
ಮೇಣ ಎಷ್ಟು ಹಚ್ಚಿದರೆ ಶ್ರುತಿ ಎಷ್ಟಿಳಿಯುತ್ತದೆ,
ಉಸಿರನ್ನು ಎಲ್ಲಿ ಕದಿಯಬೇಕು, ಯಾವ ವಿದ್ವಾಂಸರು
ಕಾಫಿಗೆ ಸಕ್ಕರೆ ಸಾಲದೆಂದು ಪಲ್ಲವಿ ಮೊಟಕು ಮಾಡಿದರು
(ಹೆಸರು ಹೇಳುವುದಿಲ್ಲ, ಕೇಳುವವರಿಗೆ ಗೊತ್ತಾಗುತ್ತದೆ).

ಮೂರು ತಿಂಗಳಿಗೆ ಜಾಹೀರಾತಿನಿಂದ ಬಂದದ್ದು
ಇನ್ನೂರ ಹನ್ನೆರಡು ರೂಪಾಯಿ.
ಎನ್.ಆರ್. ಕಾಲೊನಿಯಲ್ಲಿ ಇಬ್ಬರೂ ದೋಸೆ ತಿಂದೆವು,
ಕಾಫಿ ಬರುವ ಮೊದಲೇ ಸಂಪಾದನೆ ಮುಗಿದಿತ್ತು.
ಮೇದಿನಿ ಬಿಡಲಿಲ್ಲ. ತಿಂಗಳಿಗೆ ನಲವತ್ತೊಂಬತ್ತು ಕೊಟ್ಟರೆ
ಸದಸ್ಯರಿಗೆ ಪ್ರತ್ಯೇಕ ಪಾಠ. ಅರವತ್ತಮೂರು ಜನ ಸೇರಿದರು.
ಪಾಠ ಕೇಳುವವರು ಇಬ್ಬರೇ;
ಮಿಕ್ಕವರು ಯಾಕೆ ಕೊಡುತ್ತಾರೆಂದು
ಕೇಳಲು ಧೈರ್ಯ ಬಂದಿಲ್ಲ.
ಹೆಚ್ಚಿಗೆ ಸಿಕ್ಕಿದ್ದು ಕಪ್ಪೆಯಿಂದ:
ಕೋರಮಂಗಲದ ಯಾವುದೋ ಗೇಮಿನವರು
ನನ್ನ ಒಂದು 'ತೊಂ' ಕೊಂಡರು, ಎಂಟು ಸಾವಿರಕ್ಕೆ.
ಈಗ ಮಕ್ಕಳ ಫೋನುಗಳಲ್ಲಿ ಅದು
ಎಲೆಯಿಂದ ಎಲೆಗೆ ನೆಗೆಯುತ್ತದೆ, ಬಿದ್ದರೆ ಸಾಯುತ್ತದೆ.
ಗುರುಗಳಿಗೆ ಹೇಳಿಲ್ಲ.

ಪ್ರಾಯೋಜಕರು ಅಂತ ಒಬ್ಬರೇ,
ಕತ್ತರಿಗುಪ್ಪೆಯ ಹಲ್ಲಿನ ಡಾಕ್ಟರು ತಬಸ್ಸುಮ್.
ತಿಂಗಳಿಗೆ ಎರಡು ಸಾವಿರ, ವರ್ಷಕ್ಕೊಮ್ಮೆ ಪುಕ್ಕಟೆ ಕ್ಲೀನಿಂಗು.
ನಾನು ಹೇಳಬೇಕಾದ್ದು "ಹಲ್ಲಿದ್ದರೆ ನಾದ", ಅಷ್ಟೇ.
ನಾಚಿಕೆಯಿಂದ ಅದನ್ನು ನಾಲ್ಕನೆಯ ಕಾಲದಲ್ಲಿ ಹೇಳಿ ಮುಗಿಸುತ್ತಿದ್ದೆ.
ಮೂವತ್ತನಾಲ್ಕನೆಯ ಕಂತು ಹೋದ ಮಾರನೆಯ ದಿನ ಆಕೆಯ ಫೋನು.
ಬೈಗುಳವೇ ಅಂದುಕೊಂಡೆ.
"ಮೇಲೆ, ಎಡಗಡೆ, ಮುಂದಿನ ಹಲ್ಲು ಅಲುಗಾಡ್ತಿದೆ ಅಲ್ವಾ?
ಹನ್ನೊಂದನೇ ನಿಮಿಷದಲ್ಲಿ ಕೇಳಿಸ್ತು.
ಹಳೇ ಕಂತುಗಳಲ್ಲಿ ಆ ಝೇಂಕಾರ ಹೀಗಿರಲಿಲ್ಲ."
ನಲವತ್ತು ವರ್ಷ ವೇದಿಕೆಯ ಮೇಲೆ
ಪಕ್ಕದ ಘಟಕ್ಕೂ ಕೇಳದ ನನ್ನನ್ನು
ದುಡ್ಡು ಕೊಟ್ಟವರು ಕೇಳಿಸಿಕೊಂಡಿದ್ದರು.

ಮೂರು ವಾರ ಬಾಯಿ ಮುಚ್ಚಿರಬೇಕು, ಹಲ್ಲಿಗೆ ತಂತಿ ಕಟ್ಟಿದ್ದಾರೆ.
ಬಾಯಿದ್ದವನು ಬರದಲ್ಲೂ ಬದುಕಿದ ಅನ್ನುತ್ತಿದ್ದಳು ಅಮ್ಮ;
ಬಾಯೊಳಗೇ ಬರ ಬಂದರೆ ಏನೆಂದು ಹೇಳಿರಲಿಲ್ಲ.
ಕಂತು ತಪ್ಪಿದರೆ ಸದಸ್ಯರು ಜಾರುತ್ತಾರೆಂದು
ಮೇದಿನಿ ಆರೂವರೆಗೆ ಒಂದು ಶಾಲು ಸರಿಸಿ, ಕಿಟಕಿ ತೆಗೆದು
ಮೈಕನ್ನು ಬೀದಿಗೆ ಹಿಡಿದಳು.
ಮೆಂತ್ಯ, ದಂಟು, ಸಬ್ಬಸಿಗೆ...
ಪಿಳ್ಳಮ್ಮ ಮೇಲಿನ ಷಡ್ಜಕ್ಕೆ ಹೋಗಿ ಅಲ್ಲೇ ನಿಂತು
ಕಡೆಯ ಸೊಪ್ಪನ್ನು ತಿರುವಿನಾಚೆ ಇಳಿಸಿದಳು.
ಅಷ್ಟೇ ಕಂತು, ನಾಲ್ಕು ನಿಮಿಷ.
ಸ್ಕ್ಯಾನು ಮಾಡಿ ಹತ್ತು, ಇಪ್ಪತ್ತು ಹಾಕಿದವರು
ಮಧ್ಯಾಹ್ನದವರೆಗೂ ಟಿಣ್ ಟಿಣ್ ಅನ್ನುತ್ತಲೇ ಇದ್ದರು.

ನಿನ್ನೆ ಬಾಗಿಲಿಗೇ ಬಂದಳು, ಬುಟ್ಟಿ ಇಳಿಸದೆ.
"ನನ್ ಗಂಟ್ಲಿಗೆ ಎಷ್ಟ್ ಬಂತು ಸ್ವಾಮಿ?"
ಬಾಯಿ ತೆರೆಯಲಾರದೆ
ಗಾಳಿಯಲ್ಲಿ ಬೆರಳಿಂದ ಗೆರೆ ಎಳೆದು ತೋರಿಸಿದೆ: ಅರ್ಧ, ಅರ್ಧ.
ಯೋಚಿಸಿದಳು. ಕೊತ್ತಂಬರಿ ಒಂದು ಕಟ್ಟು ನನ್ನ ಕೈಗಿಟ್ಟು
"ಮುಕ್ಕಾಲು" ಅಂದಳು.